ಮರೆಯಾದ ರೋಗವೂ ಶಕ್ತಿಯನ್ನರಿತ ತಪಸ್ಸೂ

ಕಣ್ಣಿಗೆ ಮರೆಯಾದುದನ್ನು ಇಲ್ಲವಾಯಿತೆಂದು ತಿಳಿಯುವುದು ಯುಕ್ತವೇ? ಗರ್ಭಕಾಲದಲ್ಲಿ ಮಧುಮೇಹಕ್ಕೆ ಗುರಿಯಾಗಿ, ಹೆರಿಗೆಯೊಡನೆ ಅದರಿಂದ ಬಿಡುಗಡೆ ಹೊಂದಿದಂತೆ ತೋರುವ ಸ್ತ್ರೀಯರ ವಿಷಯದಲ್ಲಿ ಈ ಪ್ರಶ್ನೆ ಕೇವಲ ವೈದ್ಯರದಲ್ಲ. ವ್ರತನಿಷ್ಠರಾದ ಶ್ರಾವಕ-ಶ್ರಾವಿಕೆಯರದೂ ಹೌದು.

ಬಸುರಿನಲ್ಲಿ ಮಾಸಿನಿಂದ ಹೊರಡುವ ಹಾರ್ಮೋನುಗಳು ಇನ್ಸುಲಿನ್ನಿನ ಕಾರ್ಯಕ್ಕೆ ತಡೆಯೊಡ್ಡುತ್ತವೆ. ಅದನ್ನು ಮೀರುವಷ್ಟು ಇನ್ಸುಲಿನ್ನನ್ನು ಮೇದೋಜೀರಕ ಗ್ರಂಥಿಯು ಒದಗಿಸಲಾರದಾದಾಗ ರಕ್ತದಲ್ಲಿ ಸಕ್ಕರೆ ಏರುತ್ತದೆ. ಮಾಸು ಹೊರಬಿದ್ದೊಡನೆ ಆ ತಡೆ ನೀಗುತ್ತದೆ; ಗ್ರಂಥಿಯ ದೌರ್ಬಲ್ಯವಾದರೋ ಬಹುಮಟ್ಟಿಗೆ ಉಳಿದೇ ಇರುತ್ತದೆ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಂತೆ, ಇಂತಹವರಿಗೆ ಮುಂದೆ ಮಧುಮೇಹ ಬರುವ ಸಂಭವ ಇತರರಿಗಿಂತ ಸುಮಾರು 10 ಪಟ್ಟು ಹೆಚ್ಚು. ಮೈಸೂರಿನಲ್ಲಿ 1997-98ರಲ್ಲಿ ಪರೀಕ್ಷೆಗೊಳಗಾದ ಗರ್ಭಿಣಿಯರನ್ನು 5 ವರ್ಷಗಳ ಬಳಿಕ ನೋಡಿದಾಗ, ಹಿಂದೆ ಈ ತೊಂದರೆಯಿದ್ದ ಸಣ್ಣ ಗುಂಪಿನಲ್ಲಿ ನೂರಕ್ಕೆ 37 ಮಂದಿಗೆ ಮಧುಮೇಹವಿದ್ದಿತು; ಉಳಿದವರಲ್ಲಿ ನೂರಕ್ಕೆ 2 ಮಂದಿಗೆ ಮಾತ್ರ.

ಕರ್ಮಸಿದ್ಧಾಂತವನ್ನು ಬಲ್ಲವರಿಗೆ ಇದು ಅಚ್ಚರಿಯ ಮಾತಲ್ಲ. ಸತ್ತಾರೂಪದಲ್ಲಿರುವ ಕರ್ಮವು ಉದಯಕ್ಕೆ ಬಂದಿಲ್ಲವೆಂದ ಮಾತ್ರಕ್ಕೆ ನಿರ್ಜರೆಯಾಯಿತೆನ್ನಲಾಗದು. 'ಬರುವುದು ತಪ್ಪದು, ಪರೀಕ್ಷೆಯೇಕೆ?' ಎಂದು ಕೆಲವರು ಕೇಳಬಹುದು. ಇದು ಸಿದ್ಧಾಂತವಲ್ಲ, ಪ್ರಮಾದ. ಕರ್ಮದ ಸ್ಥಿತಿ-ಅನುಭಾಗಗಳು ಪುರುಷಾರ್ಥದಿಂದ ಕುಗ್ಗಬಲ್ಲವೆಂದು ಆಗಮವೇ ಒಪ್ಪಿದೆ. ದೇಹದ ಮಟ್ಟಿಗೂ ಹಾಗೆಯೇ. ಸಕ್ಕರೆಯ ಮಟ್ಟ ಆಗಲೇ ಏರತೊಡಗಿದ್ದ ಇಂತಹ ಸ್ತ್ರೀಯರಲ್ಲಿ, ಮಿತಾಹಾರ, ತೂಕದ ಇಳಿಕೆ, ವಾರಕ್ಕೆ 150 ನಿಮಿಷಗಳ ಬಿರುಸು ನಡಿಗೆ ಮುಂತಾದುವುಗಳಿಂದ ರೋಗಸಂಭವವು ಸುಮಾರು ಅರ್ಧಕ್ಕಿಳಿಯಿತೆಂದು ಅಮೆರಿಕದ ಪ್ರಯೋಗವೊಂದರ 2008ರ ವರದಿ ತಿಳಿಸಿತು.

ಹಾಗಾದರೆ ಉಪವಾಸವೇ ಮದ್ದಲ್ಲವೇ? ಅಲ್ಲ. ಇನ್ಸುಲಿನ್ನನ್ನೋ ಸಕ್ಕರೆಯಿಳಿಸುವ ಕೆಲವು ಮಾತ್ರೆಗಳನ್ನೋ ತೆಗೆದುಕೊಳ್ಳುವವಳು ನಿರಾಹಾರಳಾಗಿದ್ದರೆ ಸಕ್ಕರೆ ಅಪಾಯದ ಮಟ್ಟಕ್ಕಿಳಿದು ಎಚ್ಚರ ತಪ್ಪಬಹುದು. ದಿನವಿಡೀ ಉಪವಾಸವಿದ್ದು ಪಾರಣೆಯಲ್ಲಿ ಹೋಳಿಗೆ-ಪಾಯಸಗಳನ್ನು ಯಥೇಚ್ಛವಾಗಿ ಉಂಡರೆ ಸಕ್ಕರೆ ಮತ್ತೆ ಏರುತ್ತದೆ. ಷೋಡಶಕಾರಣ ಭಾವನೆಗಳಲ್ಲಿ ತಪಸ್ಸಿಗೆ 'ಶಕ್ತಿತಃ' ಎಂಬ ವಿಶೇಷಣವಿರುವುದು ವ್ಯರ್ಥವಲ್ಲ. ಅನಶನದ ಜೊತೆಯಲ್ಲೇ ಅವಮೌದರ್ಯ, ರಸಪರಿತ್ಯಾಗಗಳೂ ತಪಸ್ಸುಗಳೇ ಆಗಿವೆ. ಮಿತವಾಗಿ ಉಣ್ಣುವವಳು, ಬೆಲ್ಲ-ಸಕ್ಕರೆಗಳನ್ನು ತ್ಯಜಿಸುವವಳು ಅಲ್ಪತಪಸ್ವಿನಿಯಲ್ಲ. ವೈದ್ಯರನ್ನು ಕೇಳಿ ವ್ರತ ಹಿಡಿಯುವುದು ವ್ರತಭಂಗವಲ್ಲ; ಶಕ್ತಿಯನ್ನರಿಯುವ ಮಾರ್ಗ.

ಇಲ್ಲಿ ಹೊಣೆ ಅವಳೊಬ್ಬಳದೇ ಅಲ್ಲ. ಕೂಸು ಹುಟ್ಟಿದ ಮೇಲೆ ಮನೆಯವರ ಗಮನವೆಲ್ಲ ಕೂಸಿನ ಕಡೆಗೆ. ತಾಯಿ ಎಲ್ಲರಿಗೂ ಬಡಿಸಿ ಉಳಿದುದನ್ನುಣ್ಣುತ್ತಾಳೆ. ಪರ್ವದಲ್ಲಿ ಅವಳ ಉಪವಾಸವನ್ನು ಕೊಂಡಾಡುವ ಮನೆ, ಹೆರಿಗೆಯಾಗಿ 6 ವಾರಗಳಿಗೊಮ್ಮೆ, ಅನಂತರ 1ರಿಂದ 3 ವರ್ಷಗಳಿಗೊಮ್ಮೆ ಜೀವನಪರ್ಯಂತ ಆಗಬೇಕಾದ ರಕ್ತಪರೀಕ್ಷೆಗೆ ಅರ್ಧ ದಿನದ ಬಿಡುವು ಕೊಡದಿದ್ದರೆ, ಆ ಕೊಂಡಾಟಕ್ಕೆ ಬೆಲೆಯೇನು? ಜೀವದಯೆಯನ್ನು ಇರುವೆಯವರೆಗೂ ವಿಸ್ತರಿಸಿದ ಧರ್ಮದಲ್ಲಿ ಅಡಿಗೆಮನೆಯ ಜೀವವೂ ಆ ದಯೆಗೆ ಪಾತ್ರವಾಗಲಿ.