ಕರಿಯ ಹೂವೂ ಅಮಂಗಲವೂ

ಶಿಕಾರಿಪುರ ಸೊರಬಗಳ ಹಿತ್ತಿಲಲ್ಲಿ ಗಿಡವೊಂದು ನೆಲೆನಿಲ್ಲಬೇಕಾದರೆ ಅದು ದೇವರ ಪೂಜೆಗೋ, ಹೆಣ್ಣುಮಕ್ಕಳ ಮುಡಿಗೋ, ಅಡಿಗೆಗೋ ಸಲ್ಲಬೇಕೆಂಬುದು ಹಳೆಯ ವಾಡಿಕೆ. ಹಾಲಿಹಾಕ್ ಎಂಬ ವಿದೇಶೀಯ ಪುಷ್ಪವು ದಾಸವಾಳ, ಬೆಂಡೆ, ಹತ್ತಿಗಳ ಕುಲಕ್ಕೆ ಸೇರಿದುದಾದರೂ ಇಲ್ಲಿ ನೋಟಕ್ಕಲ್ಲದೆ ಬೇರೊಂದಕ್ಕೆ ರೂಢಿಯಲ್ಲಿಲ್ಲ. ಆಳುದ್ದವನ್ನು ಮೀರಿ, ಕೆಲವೊಮ್ಮೆ ಎಂಟು ಅಡಿಯವರೆಗೆ ನೆಟ್ಟಗೆ ಬೆಳೆದು, ಬುಡದಿಂದ ತುದಿಯ ಕಡೆಗೆ ಕ್ರಮವಾಗಿ ಅರಳುವುದು. ಅಷ್ಟನ್ನು ಹಿರಿಯರು ಸೈರಿಸಿಯಾರು. ಆದರೆ ಅದರ ಕರಿಯ ಬಗೆಯನ್ನು ಕಿರಿಯರು ತಲೆಬಾಗಿಲ ಬಳಿ ನೆಡಲು ಹೊರಟರೆ, "ಮನೆಯ ಮುಂದೆ ಕರಿಯ ಹೂವೇ?" ಎಂದು ತಡೆಯುವುದು ಸಹಜ. ಅಮಂಗಲವು ವಸ್ತುವಿನಲ್ಲಿರುವುದೋ, ನೋಡುವವರ ಮನಸ್ಸಿನಲ್ಲಿರುವುದೋ?

ಬಿಳಿಯದನ್ನು ಮೆಚ್ಚುವವರ ಪಕ್ಷ ಹುರುಳಿಲ್ಲದ್ದಲ್ಲ. ಅಕ್ಕಮಹಾದೇವಿ ಹುಟ್ಟಿದ ಉಡುತಡಿ ಶಿಕಾರಿಪುರದ ಸೀಮೆಯಲ್ಲಿಯೇ ಇರುವುದು. ಆಕೆಯು ಒಲಿದ ಚೆನ್ನಮಲ್ಲಿಕಾರ್ಜುನನ ಹೆಸರಿನಲ್ಲಿ ಮಲ್ಲಿಗೆಯ ಬಿಳುಪನ್ನು ಕಾಣುವವರುಂಟು. ಅರ್ಜುನ ಶಬ್ದಕ್ಕೆ ಬಿಳಿಯದೆಂಬ ಅರ್ಥವಷ್ಟೆ. ಆದರೆ ಆ ಹೆಸರಿನ ಪಾಂಡವನ ರಥವನ್ನು ನಡೆಯಿಸಿದವನು ಕೃಷ್ಣನು, ಎಂದರೆ ಕರಿಯನು. ಶಾಲಿಗ್ರಾಮವು ಕಪ್ಪು; ಸುಮಂಗಲಿಯ ಕೊರಳ ಕರಿಮಣಿಯೂ ಕಪ್ಪು. ಕಲ್ಲಿನಲ್ಲಿಯೂ ಮಣಿಯಲ್ಲಿಯೂ ಮಂಗಲವಾದ ಬಣ್ಣವು ಎಸಳಿನಲ್ಲಿ ಮಾತ್ರ ಅಮಂಗಲವಾಗುವುದಕ್ಕೆ ಯುಕ್ತಿಯೇನು? ಹೂವಿನ ಆಂಗ್ಲನಾಮದ ಮೊದಲ ಭಾಗಕ್ಕಂತೂ ಪವಿತ್ರವೆಂದೇ ಮೂಲಾರ್ಥ. ಹೆಸರಿನಿಂದಲೇ ಶುದ್ಧಿ ಬರುವುದಾದರೆ ಲೋಕದಲ್ಲಿ ಅಶುದ್ಧರು ಯಾರೂ ಇರುತ್ತಿರಲಿಲ್ಲ. ಆ ಮಾತು ಹಾಗಿರಲಿ.

ಬಲವಾದ ಸಾಕ್ಷಿ ಹೂವಿನಲ್ಲಿಯೇ ಉಂಟು. ಅದು ನಿಜವಾಗಿ ಕರಿಯದಲ್ಲ. ಎಸಳಿನಲ್ಲಿ ಕೆಂಪು ವರ್ಣರಸವು ಅತಿ ದಟ್ಟವಾಗಿ ತುಂಬಿರುವುದರಿಂದ ಬಿದ್ದ ಬೆಳಕಿನಲ್ಲಿ ಹಿಂದಿರುಗುವುದು ಅತ್ಯಲ್ಪ. ಆದುದರಿಂದ ಕಣ್ಣಿಗೆ ಕಪ್ಪು. ಹಿಂದೆ ಐರೋಪ್ಯರು ಈ ಎಸಳುಗಳಿಂದ ದ್ರಾಕ್ಷಾಮದ್ಯಕ್ಕೆ ಬಣ್ಣ ಕಟ್ಟುತ್ತಿದ್ದುದುಂಟು.

ಆದರೂ ವಾದದಲ್ಲಿ ಗೆದ್ದವನಿಗೆ ತಲೆಬಾಗಿಲಲ್ಲಿ ನೆಡುವ ಅಧಿಕಾರ ಬಂದಿತೆನ್ನಲಾಗದು. ಹಿರಿಯರ ಅಳುಕಿನ ಹಿಂದೆ ಕೆಲವೊಮ್ಮೆ ಶಾಸ್ತ್ರವಲ್ಲ, ಯಾವುದೋ ಹಳೆಯ ಸಾವಿನ ನೆನಪು ಇರುವುದು. ಅದಕ್ಕೆ ಶಬ್ದಾರ್ಥದ ಉತ್ತರ ಸಲ್ಲದು. ಗಿಡಕ್ಕಾದರೂ ತಲೆಬಾಗಿಲೇ ಬೇಕೆಂಬ ಹಟವಿಲ್ಲ. ಮಲೆನಾಡಿನ ಸೆರಗಿನ ಈ ಸೀಮೆಯಲ್ಲಿ ಮಳೆ ಹಿಂದೆಗೆದ ಮೇಲೆ, ನೀರು ನಿಲ್ಲದ ಏರುನೆಲದಲ್ಲಿ ಬಿತ್ತಬೇಕು. ತೇವ ಹೆಚ್ಚಿದರೆ ಎಲೆಗೆ ತುಕ್ಕುರೋಗ ತಗಲುವುದು, ಬೇರು ಕೊಳೆಯುವುದು. ಗಾಳಿಗೆ ಬೀಳದಂತೆ ಬಿದಿರಿನ ಊರುಗೋಲನ್ನೂ ಕೊಡಬೇಕು. ಹಿತ್ತಿಲ ಪಡುವಣ ಬದಿಯಲ್ಲಿ, ಹಿರಿಯರು ಸಂಜೆ ಕುಳಿತುಕೊಳ್ಳುವ ಕಡೆಗೆ ಎದುರಾಗಿ ನೆಟ್ಟರೆ, ಇಳಿಬಿಸಿಲು ಎಸಳುಗಳ ಹಿಂದಿನಿಂದ ಹಾದುಬರುವುದು. ಆಗ ಆ ಕಪ್ಪಿನೊಳಗಣ ಕೆಂಪು ತಾನಾಗಿಯೇ ಕಾಣುವುದು.