ತ್ಯಾಗವೇ, ಸಾಲವೇ?

ಅಣೆಕಟ್ಟಿನ ಹಿನ್ನೀರಿನಲ್ಲಿ ಊರು ಕಳೆದುಕೊಂಡವರನ್ನು ಕುರಿತು ಮಾತನಾಡುವಾಗಲೆಲ್ಲ ನಾವು ತಪ್ಪದೆ ಬಳಸುವ ಪದವೊಂದಿದೆ: ತ್ಯಾಗ. ‘ನಾಡಿಗಾಗಿ ಅವರು ಮನೆಮಠ ತ್ಯಾಗ ಮಾಡಿದರು’ ಎನ್ನುತ್ತೇವೆ. ಕೇಳಲು ಹಿತವಾದ ಮಾತು. ಆದರೆ ಅದು ನಿಜವೇ? ತ್ಯಾಗವೆಂದರೆ ಒಲ್ಲೆನೆನ್ನುವ ಸ್ವಾತಂತ್ರ್ಯವಿದ್ದವನು ತಾನಾಗಿ ಕೊಟ್ಟದ್ದು. 1894ರ ಭೂಸ್ವಾಧೀನ ಕಾನೂನಿನಡಿ ನೋಟೀಸು ಪಡೆದ ರೈತ ಬೆಲೆ ಸಾಲದೆಂದು ಕೋರ್ಟಿಗೆ ಹೋಗಬಹುದಿತ್ತು. ನೆಲ ಕೊಡಲಾರೆನೆಂದು ನಿಲ್ಲುವ ಹಕ್ಕು ಅವನಿಗಿರಲಿಲ್ಲ. ಹಾಗೆ ಪಡೆದದ್ದನ್ನು ಸಾಲವೆನ್ನುವುದೇ ಸರಿ.

ಮುಂಬಯಿಯಲ್ಲಿರುವ ನಾವು ಈ ಸಾಲದ ಹಳೆಯ ಪಾಲುದಾರರು. 1921ರಲ್ಲಿ ಪುಣೆಯ ಹತ್ತಿರದ ಮುಳಶಿಯಲ್ಲಿ ಸೇನಾಪತಿ ಬಾಪಟರ ಮುಂದಾಳುತನದಲ್ಲಿ ರೈತರು ಸತ್ಯಾಗ್ರಹ ಹೂಡಿದ್ದು ಈ ನಗರಕ್ಕೆ ವಿದ್ಯುತ್ ಒದಗಿಸಲಿದ್ದ ಅಣೆಕಟ್ಟಿನ ವಿರುದ್ಧ. ಅಣೆಕಟ್ಟು ಎದ್ದಿತು, ಊರುಗಳು ಮುಳುಗಿದವು.

ನಮ್ಮ ತಾಯ್ನಾಡಿನಲ್ಲೂ ಇದೇ ಆಯಿತು. 1964ರಲ್ಲಿ ಲಿಂಗನಮಕ್ಕಿಯಲ್ಲಿ ಶರಾವತಿಗೆ ಅಣೆಕಟ್ಟಾಯಿತು. ನಾಡಿಗೆ ಬೆಳಕು ಬಂತು. ಸಾಗರ ತಾಲೂಕಿನ ಕರೂರು ಸೀಮೆಯವರಿಗೆ ಮಾತ್ರ ಪೇಟೆಯ ದಾರಿಯೇ ಮುಳುಗಿ ಲಾಂಚೇ ಗತಿಯಾಯಿತು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈಯಲ್ಲಿ! ಕಾಡಂಚಿಗೆ ಹೋಗಿ ನೆಲೆಸಿದವರಲ್ಲಿ ಎಷ್ಟೋ ಮಂದಿ ಅರವತ್ತು ವರ್ಷ ಕಳೆದರೂ ಹಕ್ಕುಪತ್ರಕ್ಕಾಗಿ ಅಲೆಯಬೇಕಾಯಿತು.

ಪರಿಹಾರ ಕೊಟ್ಟಾಗಿದೆಯಲ್ಲ ಎನ್ನುವವರಿದ್ದಾರೆ. ಗದ್ದೆ ತೋಟಗಳಿಗೆ ಬೆಲೆ ಕಟ್ಟಬಹುದು. ಸೊಪ್ಪಿನ ಬೆಟ್ಟಕ್ಕೆ, ನಾಟಿಗೆ ಮುಯ್ಯಾಳಾಗಿ ಬರುತ್ತಿದ್ದ ನೆರೆಯವನಿಗೆ, ಊರ ಚೌಡಮ್ಮನಿಗೆ ಯಾವ ದರ? ಅಂಗೈಯಗಲ ನೆಲವೂ ಇಲ್ಲದ ಕೂಲಿಯಾಳಿನ ನಷ್ಟವನ್ನು ಯಾವ ಪುಸ್ತಕದಲ್ಲಿ ಬರೆಯೋಣ? ಒಂದೂರಿನವರನ್ನು ಹತ್ತು ಕಡೆ ಚದುರಿಸಿದರೆ ಕುಟುಂಬಗಳು ಉಳಿದಾವು, ಊರು ಉಳಿಯದು.

ನಾವೂ ಊರು ಬಿಟ್ಟು ಬಂದವರೇ ಅಲ್ಲವೇ ಎಂದು ಯಾರಾದರೂ ಕೇಳಿಯಾರು. ನಿಜ. ಆದರೆ ಜಾತ್ರೆಗೆ, ಮದುವೆ ಮುಂಜಿಗೆ ಹಿಂತಿರುಗಲು ನಮಗೊಂದು ಊರಿದೆ. ಅವರ ಊರು ನೀರಿನಡಿಯಲ್ಲಿದೆ.

ಹಾಗೆಂದು ಅಣೆಕಟ್ಟೇ ಬೇಡವೆನ್ನುವ ಧೈರ್ಯ, ವಿದ್ಯುದ್ದೀಪದಡಿ ಕುಳಿತು ಬರೆಯುವ ನಮಗಿಲ್ಲ. ಹಲವರ ಹಿತಕ್ಕಾಗಿ ಕೆಲವರು ನಷ್ಟ ಹೊರಬೇಕೆಂದೇ ಒಪ್ಪೋಣ. ಆಗ ಲಾಭದಲ್ಲಿ ಮೊದಲ ಪಾಲು ಆ ಕೆಲವರದಾಗಬೇಡವೇ? ನೆಲಕ್ಕೆ ನೆಲ, ಅದೂ ಮುಳುಗುವ ಮೊದಲೇ, ಎಂಬ ತತ್ತ್ವವನ್ನು 1979ರಲ್ಲಿ ನರ್ಮದಾ ನ್ಯಾಯಮಂಡಳಿಯ ತೀರ್ಪು ಎತ್ತಿಹಿಡಿಯಿತು. 2013ರ ಕಾನೂನು ಗೇಣಿದಾರರನ್ನೂ ಕೂಲಿಕಾರರನ್ನೂ ಬಾಧಿತರೆಂದು ಗಣಿಸಿತು. ಕಾಗದದ ಮೇಲೆ ನ್ಯಾಯ ಬೆಳೆದಿದೆ.

ಅದು ನೆಲಕ್ಕಿಳಿಯಬೇಕಾದರೆ ಸಾಲ ಪಡೆದವರಿಗೆ ಅದರ ನೆನಪಿರಬೇಕು. ತ್ಯಾಗಿಗಳೆಂದು ಹೊಗಳಿ ಹಾರ ಹಾಕಿದರೆ ನಮ್ಮ ಹೊಣೆ ಅಲ್ಲಿಗೆ ಮುಗಿದಂತೆ ತೋರುತ್ತದೆ. ಸಾಲವೆಂದು ಒಪ್ಪಿಕೊಂಡರೆ, ತೀರಿಸುವುದೆಂದು ಎಂಬ ಪ್ರಶ್ನೆ ಹುಟ್ಟುತ್ತದೆ. ಆ ಪ್ರಶ್ನೆ ನಮ್ಮನ್ನು ಕಾಡಲಿ.