ಕೋಪೇಶ್ವರ–ಧೋಪೇಶ್ವರ: ನಾಮಭೇದ ವಿಚಾರ



ನಮ್ಮ ಏಕಸಂಬಿಗೆ ಅನತಿದೂರದ ಖಿದ್ರಾಪುರದಲ್ಲಿ, ಕೃಷ್ಣಾತೀರದಲ್ಲಿ, 12ನೆಯ ಶತಮಾನದ ಶಿಲಾಹಾರರ ದೇವಾಲಯವಿದೆ. ಗರ್ಭಗುಡಿಯಲ್ಲಿ ಲಿಂಗಗಳೆರಡು: ಕೋಪೇಶ್ವರ, ಧೋಪೇಶ್ವರ. ಪ್ರಾಸಸಾಮ್ಯದಿಂದ ಇವೆರಡೂ ಒಂದೇ ದೇವರ ಹೆಸರೆಂದು ಬಹುಜನರು ಭ್ರಮಿಸುವರು. ನಾವೂ ಬಾಲ್ಯದಲ್ಲಿ ಹಾಗೆಯೇ ತಿಳಿದು ಒಂದೇ ನಮಸ್ಕಾರ ಸಲ್ಲಿಸಿ ಮರಳುತ್ತಿದ್ದೆವು.

ಸ್ಥಳಪುರಾಣದ ಮಾತು ಬೇರೆ. ದಕ್ಷಯಜ್ಞದಲ್ಲಿ ಸತೀದೇವಿಯು ದೇಹತ್ಯಾಗ ಮಾಡಲು ಕುಪಿತರಾದ ರುದ್ರದೇವರು ಕೋಪೇಶ್ವರ. ಅವರನ್ನು ಸಂತೈಸಿದ ಶ್ರೀಹರಿಯೇ ಧೋಪೇಶ್ವರ. ಸತಿಯೊಡನೆ ಹೋದ ನಂದಿಯು ಯಡೂರಿನಲ್ಲಿಯೇ ಉಳಿದುದರಿಂದ ಇಲ್ಲಿ ಶಿವನೆದುರು ನಂದಿಯಿಲ್ಲ.

ಮನಸ್ಸಿಗೆ ಅಭಿಮಾನಿದೇವತೆ ರುದ್ರದೇವರು. ಅಂಥವರ ಕೋಪಶಮನಕ್ಕೂ ಹರಿಸಾನ್ನಿಧ್ಯವು ಬೇಕಾಯಿತೆಂದಮೇಲೆ, ಕ್ಷಣಕ್ಷಣಕ್ಕೆ ಕೆರಳುವ ನಮ್ಮ ಪಾಡೇನು? ಆದುದರಿಂದ ಹೆಸರರಿತು ಎರಡು ನಮಸ್ಕಾರ ಸಲ್ಲಿಸೋಣ. ರುದ್ರದೇವರಲ್ಲಿ ಮನಃಶುದ್ಧಿಯನ್ನೂ, ಅವರ ಅಂತರ್ಯಾಮಿಯಾದ ಶ್ರೀಹರಿಯಲ್ಲಿ ಶಾಂತಿಯನ್ನೂ ಬೇಡೋಣ.

ಶ್ರೀಕೃಷ್ಣಾರ್ಪಣಮಸ್ತು.